ಹೊಸ ಕಿಸೆ ಚೂರಿಗೆ ಬಾಯಿ ಯಾಕೆ ಇರುವುದಿಲ್ಲ, ಮನೆಯಲ್ಲೇ ಮಸೆಯುವುದು ಹೇಗೆ

ಮೊನ್ನೆ ಭಾವ ಒಂದು ಹೊಸ ಮಡಚುವ ಚೂರಿ ತಕೊಂಡು ಬಂದಿದ್ರು. ಎಲುಬಿನ ಹಿಡಿ, ಎರಡು ಅಲಗು, ಹಿತ್ತಾಳೆ ಪಿನ್ನು, ನೋಡ್ಲಿಕ್ಕೆ ಭಾರೀ ಚಂದ. ಅಡುಗೆಮನೆಯಲ್ಲಿ ಮಟ್ಟು ಗುಳ್ಳ, ಅಂದ್ರೆ ಬದನೆ, ಇತ್ತು, ಅದರ ಸಿಪ್ಪೆ ಮೇಲೆ ಚೂರಿಯ ಬಾಯಿ, ಅಂದ್ರೆ ಕೊಯ್ಯುವ ಅಂಚು, ಇಟ್ಟು ಮೆಲ್ಲಗೆ ಎಳೆದ್ರು, ಚೂರಿ ಹಾಗೇ ಜಾರಿ ಆಚೆ ಹೋಯ್ತು, ಗುಳ್ಳದ ಮೇಲೆ ಒಂದು ಗೀರು ಸಹ ಇಲ್ಲ. "ಇಷ್ಟು ದುಡ್ಡು ಕೊಟ್ಟು ಡುಪ್ಲಿಕೇಟ್ ಬಂತಾ ಮಾರಾಯ" ಅಂತ ಕೇಳಿದ್ರು. ಡುಪ್ಲಿಕೇಟ್ ಅಲ್ಲ ಭಾವ, ಒರಿಜಿನಲ್ಲೇ, ಅದಕ್ಕೆ ಬಾಯಿ ಇನ್ನೂ ಪೂರ್ತಿ ಆಗ್ಲಿಲ್ಲ ಅಷ್ಟೇ ಅಂತ ಹೇಳಿ ಜಗಲಿಯಲ್ಲಿ ಕೂತು ಒಂದು ಗಂಟೆ ಇಬ್ಬರೂ ಸೇರಿ ಮಸೆದೆವು. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದ್ದೇನೆ, ಯಾಕಂದ್ರೆ ತುಂಬ ಜನ ಹೊಸ ಚೂರಿ ಕೊಯ್ಯುವುದಿಲ್ಲ ಅಂತ ಬೇಜಾರಾಗಿ ಅದನ್ನು ಮೇಜಿನ ಡ್ರಾವರಿಗೆ ಹಾಕಿ ಮರೆತೇ ಬಿಡ್ತಾರೆ, ನನಗೆ ಅದು ನೋಡಿದ್ರೆ ನಿಜವಾಗಿ ಹೊಟ್ಟೆ ಉರೀತದೆ.

ಮೊದಲು ಫ್ಯಾಕ್ಟರಿ ಬಾಯಿ ಅಂದ್ರೆ ಎಂತ ಅಂತ ತಿಳ್ಕೊಳ್ಳುವ. ಹಳೆ ಮಾದರಿಯ ಕಿಸೆ ಚೂರಿಗಳಲ್ಲಿ ಕೊನೆಗೆ ಬಾಯಿ ತೆಗೆಯುವ ಕೆಲಸ ಹೆಚ್ಚಾಗಿ ಒಬ್ಬ ಕೆಲಸಗಾರ ಕೈಯಲ್ಲೇ ಹಿಡಿದು ಮೆಷಿನಲ್ಲಿ ಓಡುವ ಮರಳುಕಾಗದದಂಥ ಬೆಲ್ಟಿನ ಮೇಲೆ ಮಾಡುವುದು, ಆಚೆ ಒಂದೆರಡು ಎಳೆತ, ಈಚೆ ಒಂದೆರಡು ಎಳೆತ, ಆಮೇಲೆ ಬಫಿಂಗ್ ಚಕ್ರಕ್ಕೆ ಒಮ್ಮೆ ಮುಟ್ಟಿಸಿ ಪೆಟ್ಟಿಗೆಗೆ. ಕೈಯ ಕೆಲಸ ಅಲ್ವಾ, ಹಾಗಾಗಿ ಎಡಬದಿಯ ಕೋನ ಒಂದು, ಬಲಬದಿಯದ್ದು ಇನ್ನೊಂದು. ಅಲಗಿನ ಬುಡದಲ್ಲಿ, ಹಿಡಿಗೆ ತಾಗುವಲ್ಲಿ, ಬೆಲ್ಟ್ ಸರಿಯಾಗಿ ಹೋಗುವುದೇ ಇಲ್ಲ, ಅಲ್ಲಿ ಅರ್ಧ ಸೆಂಟಿಮೀಟರ್ ಮೊಂಡಾಗಿಯೇ ಉಳೀತದೆ. ತುದಿಯಲ್ಲಿ ಬೆಲ್ಟ್ ಜಾರಿ ಮೊನೆ ಉರುಟಾಗಿರ್ತದೆ. ಇನ್ನೊಂದು ಸಂಗತಿ ಉಂಟು, ಅದನ್ನು ಕಣ್ಣಿಂದ ಹಿಡಿಯುವುದು ಕಷ್ಟ: ಬೆಲ್ಟಿನಲ್ಲಿ ಮಸೆದಾಗ ಬಾಯಿಯ ಅಂಚಲ್ಲಿ ಕಬ್ಬಿಣದ ಒಂದು ತೆಳು ಎಳೆ ಒಂದು ಬದಿಗೆ ಮಡಚಿ ನಿಲ್ತದೆ, ಅದಕ್ಕೆ ಬರ್ ಅಂತ ಹೇಳ್ತಾರೆ. ಅದನ್ನು ಪೂರ್ತಿ ತೆಗೆಯದೆ ಬಿಟ್ರೆ ಮೊದಲ ದಿನ ಕಾಗದ ಪರಪರ ಕೊಯ್ತದೆ, ಎರಡನೇ ದಿನ ಆ ಎಳೆ ಮುರಿದು ಬೀಳ್ತದೆ ಅಥವಾ ಮಗುಚಿಕೊಳ್ತದೆ, ಚೂರಿ ಮೊಂಡು. "ಹೊಸತರಲ್ಲಿ ಚೆನ್ನಾಗಿತ್ತು, ಒಂದು ವಾರದಲ್ಲಿ ಹೋಯ್ತು" ಅಂತ ಹೇಳುವವರ ಕಥೆ ಹೆಚ್ಚಾಗಿ ಇದೇ. ಜೊತೆಗೆ ಬೆಲ್ಟಿನ ಬಿಸಿಗೆ ತೀರಾ ಅಂಚಿನ ಸ್ಟೀಲ್ ಸ್ವಲ್ಪ ಮೆತ್ತಗಾಗಿರಲೂಬಹುದು, ನೀವು ಎರಡು ಮೂರು ಸಲ ಮಸೆದು ಆ ಪದರ ಹೋದ ಮೇಲೆ ಅದೇ ಚೂರಿ ಹೆಚ್ಚು ದಿನ ಬಾಳ್ತದೆ.

ಎಲ್ಲ ಚೂರಿಯೂ ಒಂದೇ ಥರ ಬರುವುದಿಲ್ಲ. ಗಲ್ಫಿಂದ ಬರುವವರು ತರುವ ಸ್ವಿಸ್ ಚೂರಿ, 1884ರಲ್ಲಿ ಕಾರ್ಲ್ ಎಲ್ಸೆನರ್ ಶುರು ಮಾಡಿದ ವಿಕ್ಟೋರಿನಾಕ್ಸಿನದ್ದು, ಸಾಧಾರಣ ಕೆಲಸಕ್ಕೆ ಆಗುವಷ್ಟು ಹರಿತವಾಗಿಯೇ ಬರ್ತದೆ, ಸ್ಟೀಲಿನ ಗಟ್ಟಿತನ ರಾಕ್‌ವೆಲ್ ಅನ್ನುವ ಅಳತೆಯಲ್ಲಿ 56ರ ಆಸುಪಾಸು, ಅಂದ್ರೆ ತುಂಬ ಗಟ್ಟಿ ಅಲ್ಲ, ಬೇಗ ಮೊಂಡಾದ್ರೂ ಐದು ನಿಮಿಷದಲ್ಲಿ ಮತ್ತೆ ಬಾಯಿ ಬರ್ತದೆ, ಕಲಿಯುವವರಿಗೆ ಅದಕ್ಕಿಂತ ಒಳ್ಳೆ ಚೂರಿ ಇಲ್ಲ ಅಂತ ನನ್ನ ಅಭಿಪ್ರಾಯ. ಫ್ರಾನ್ಸಿನ ಒಪಿನೆಲ್, 1890ರಲ್ಲಿ ಜೋಸೆಫ್ ಒಪಿನೆಲ್ ಮಾಡ್ಲಿಕ್ಕೆ ಶುರು ಮಾಡಿದ ಮರದ ಹಿಡಿಯ ಚೂರಿ, ಅಲಗು ತೆಳು, ಅದಕ್ಕೆ ಸ್ವಲ್ಪ ಮಸೆದರೂ ಸಾಕು. ಅಮೆರಿಕದ ಹಳೆ ಮಾದರಿಯ ಚೂರಿಗಳಲ್ಲಿ ಕೆಲವು 1095 ಅನ್ನುವ ಸ್ಟೀಲಿನದ್ದು. ಆ ನಂಬರಲ್ಲೇ ವಿಷಯ ಉಂಟು, 10 ಅಂದ್ರೆ ಸಾದಾ ಕಾರ್ಬನ್ ಸ್ಟೀಲ್, 95 ಅಂದ್ರೆ ಶೇಕಡಾ 0.95ರಷ್ಟು ಕಾರ್ಬನ್. ಮಸೆದ್ರೆ ಅಲಗು ಕಲ್ಲನ್ನು ಕಚ್ಚಿ ಹಿಡಿದ ಹಾಗೆ ಕೈಗೆ ಗೊತ್ತಾಗ್ತದೆ, ಒಳ್ಳೆ ಬಾಯಿ ಬರ್ತದೆ, ತುಕ್ಕೂ ಅಷ್ಟೇ ಬೇಗ ಬರ್ತದೆ.

ಕೈಯಲ್ಲಿರುವ ಚೂರಿ ಹೇಗುಂಟು ಅಂತ ನೋಡ್ಲಿಕ್ಕೆ ಟ್ಯೂಬ್‌ಲೈಟಿನ ಕೆಳಗೆ ಹೋಗಿ ಬಾಯಿಯನ್ನು ಮೇಲೆ ಮಾಡಿ, ಅಲಗಿನ ಬೆನ್ನು, ಅಂದ್ರೆ ದಪ್ಪ ಬದಿ, ಕೆಳಗೆ, ನಿಮ್ಮ ಕಣ್ಣಿಗೆ ನೇರ ಹಿಡೀರಿ. ಮೆಲ್ಲಗೆ ಆಚೆ ಈಚೆ ತಿರುಗಿಸಿ. ಹರಿತ ಇರುವ ಬಾಯಿ ಬೆಳಕನ್ನು ತಿರುಗಿ ಕೊಡುವುದೇ ಇಲ್ಲ, ಅಲ್ಲಿ ಬರೀ ಕಪ್ಪು. ಎಲ್ಲೆಲ್ಲಿ ಬಿಳಿ ಚುಕ್ಕೆ, ಬಿಳಿ ಗೆರೆ ಮಿನುಗ್ತದೋ ಅಲ್ಲಲ್ಲಿ ಮೊಂಡು. ಭಾವನ ಚೂರಿಯಲ್ಲಿ ಬುಡದಿಂದ ಅರ್ಧದವರೆಗೆ ಕೂದಲಿನಷ್ಟು ಸಪೂರದ ಬಿಳಿ ಗೆರೆ ಎದ್ದು ಕಾಣ್ತಿತ್ತು, ಅವರಿಗೇ ತೋರಿಸಿದೆ, ಅಷ್ಟು ಸ್ಪಷ್ಟ.

ಈಗ ಸಾಮಾನು. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಖದ ಕಾರ್ಬೊರಂಡಮ್ ಮಸೆಕಲ್ಲು ಸಿಗ್ತದೆ, ಒಂದು ಬದಿ ಒರಟು, ಒಂದು ಬದಿ ನಯ, ಶುರುವಿಗೆ ಅದೇ ಸಾಕು, ಆರು ಇಂಚಿನದ್ದು ಕೇಳಿ, ಸಣ್ಣದ್ದರಲ್ಲಿ ಕೈ ಆಡ್ಲಿಕ್ಕೆ ಆಗುವುದಿಲ್ಲ. ಒಂದು ಸಂಗತಿ ನನಗೆ ಭಾರೀ ಖುಷಿ ಕೊಡುವಂಥದ್ದು, ಕಾರ್ಬೊರಂಡಮ್ ಅನ್ನುವ ಹೆಸರು 1890ರ ದಶಕದಲ್ಲಿ ಎಡ್ವರ್ಡ್ ಅಚಿಸನ್ ಎಂಬವ ಕಾರ್ಬನ್ ಮತ್ತು ಕೊರಂಡಮ್ ಎರಡನ್ನೂ ಸೇರಿಸಿ ಕಟ್ಟಿದ್ದು, ಆ ಕೊರಂಡಮ್ ಅನ್ನುವ ಶಬ್ದ ಇಂಗ್ಲಿಷಿಗೆ ಹೋದದ್ದು ತಮಿಳಿನ ಕುರುಂದಂ ಅನ್ನುವುದರಿಂದ, ನಮ್ಮ ಕುರುವಿಂದದ ಕಲ್ಲು ಅದೇ. ಸಾಣೆಗೆ ಆಗುವ ಕಲ್ಲಿನ ಹೆಸರು ಇಲ್ಲಿಂದ ಹೋಗಿ ಪ್ರಪಂಚ ಸುತ್ತಿ ಪುನಃ ಇಲ್ಲಿಯ ಅಂಗಡಿಗೇ ಬಂದದ್ದು. ಕಲ್ಲಿನ ಜೊತೆ ಒಂದು ಪರ್ಮನೆಂಟ್ ಮಾರ್ಕರ್, ಒಂದು ಹಳೆ ಚರ್ಮದ ಬೆಲ್ಟ್, ಇನ್ಸುಲೇಷನ್ ಟೇಪ್, ಒಂದು ಬೈರಾಸು. ಕಲ್ಲನ್ನು ಹತ್ತು ನಿಮಿಷ ನೀರಿಗೆ ಹಾಕಿ, ಒದ್ದೆ ಬೈರಾಸು ಮಡಚಿ ಅದರ ಮೇಲೆ ಇಡಿ, ಆಗ ಜಾರುವುದಿಲ್ಲ. ಕಲ್ಲಿನ ಮೇಲೆ ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ನೀರು ಬಿಟ್ರೆ ಕಬ್ಬಿಣದ ಹುಡಿ ತೇಲಿ ಬರ್ತದೆ, ಕಲ್ಲಿನ ರಂಧ್ರ ಮುಚ್ಚುವುದಿಲ್ಲ. ಎಣ್ಣೆ ಹಾಕಿ ಮಸೆಯುವವರೂ ಇದ್ದಾರೆ, ಆದ್ರೆ ಒಮ್ಮೆ ಎಣ್ಣೆ ಕುಡಿದ ಕಲ್ಲಿಗೆ ಮತ್ತೆ ನೀರು ಹಿಡಿಯುವುದಿಲ್ಲ, ಯಾವುದಾದರೂ ಒಂದನ್ನೇ ಇಟ್ಕೊಳ್ಳಿ. ಶುರು ಮಾಡುವ ಮೊದಲು ಚೂರಿಯ ಕೀಲು ಇರುವಲ್ಲಿ ಟೇಪ್ ಸುತ್ತಿ, ಇಲ್ಲದಿದ್ರೆ ಕಲ್ಲಿನ ಕೆಸರು ಕೀಲಿನ ಒಳಗೆ ಹೋಗಿ ಆಮೇಲೆ ಪ್ರತಿ ಸಲ ತೆರೆಯುವಾಗ ಕರಕರ ಅಂತದೆ.

ಕೋನದ ವಿಷಯದಲ್ಲಿ ಜನ ತುಂಬ ಹೆದರ್ತಾರೆ, ಹೆದರುವುದು ಬೇಡ. ಕಿಸೆ ಚೂರಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಸಾಕು. ಅದನ್ನು ಅಳೀಲಿಕ್ಕೆ ಒಂದು ಸುಲಭ ಲೆಕ್ಕ: ಅಲಗಿನ ಅಗಲ ಎಷ್ಟು ಅಂತ ಸ್ಕೇಲಲ್ಲಿ ನೋಡಿ, ಅದರ ಮೂರರಲ್ಲಿ ಒಂದು ಪಾಲಿನಷ್ಟು ಬೆನ್ನನ್ನು ಕಲ್ಲಿಂದ ಮೇಲೆ ಎತ್ತಿದ್ರೆ ಹೆಚ್ಚುಕಮ್ಮಿ 20 ಡಿಗ್ರಿ, ನಾಲ್ಕರಲ್ಲಿ ಒಂದು ಪಾಲು ಎತ್ತಿದ್ರೆ 15ರ ಹತ್ತಿರ. 15 ಮಿಲಿಮೀಟರ್ ಅಗಲದ ಅಲಗಾದ್ರೆ 5 ಮಿಲಿಮೀಟರ್ ಎತ್ತುವುದು, ಅಷ್ಟೇ. ಮೊದಲ ಸಲ ಆ ಎತ್ತರಕ್ಕೆ ನಾಣ್ಯ ಒಟ್ಟಿ ಬೆನ್ನಿನ ಕೆಳಗೆ ಇಟ್ಟು ಕೈಗೆ ಆ ಓರೆ ಅಭ್ಯಾಸ ಮಾಡಿಸಿ, ಆಮೇಲೆ ನಾಣ್ಯ ತೆಗೀರಿ. ಹದಿನೆಂಟೋ ಇಪ್ಪತ್ತೋ ಅನ್ನುವುದು ಮುಖ್ಯ ಅಲ್ಲ, ಶುರುವಿಂದ ಕೊನೆಯವರೆಗೆ ಒಂದೇ ಓರೆ ಇರುವುದು ಮುಖ್ಯ.

ಅದು ಇದೆಯಾ ಇಲ್ವಾ ಅಂತ ಮಾರ್ಕರ್ ಹೇಳ್ತದೆ. ಬಾಯಿಯ ಓರೆಗೆ ಎರಡೂ ಬದಿ ಕಪ್ಪು ಬಳೀರಿ, ಕಲ್ಲಿನ ಮೇಲೆ ಎರಡು ಸಲ ಎಳೀರಿ, ತೆಗೆದು ನೋಡಿ. ಅಂಚಿನವರೆಗೂ ಕಪ್ಪು ಹೋಗಿದ್ರೆ ಸರಿ. ಮೇಲಿನ ಗೆರೆಯಲ್ಲಿ ಮಾತ್ರ ಹೋಗಿ ಅಂಚಲ್ಲಿ ಉಳಿದಿದ್ರೆ ನೀವು ತೀರಾ ಮಲಗಿಸಿದ್ದೀರಿ, ಸ್ವಲ್ಪ ಎತ್ತಿ. ಅಂಚಲ್ಲಿ ಮಾತ್ರ ಹೋಗಿದ್ರೆ ಜಾಸ್ತಿ ಎತ್ತಿದ್ದು. ಹೊಸ ಚೂರಿಗಳಲ್ಲಿ ಒಂದು ಬದಿ ಹೀಗೆ, ಇನ್ನೊಂದು ಬದಿ ಹಾಗೆ ಕಾಣ್ತದೆ, ಅದು ಆ ಬೆಲ್ಟಿನ ಕೆಲಸ.

ಇನ್ನು ಮಸೆಯುವುದು. ಅಲಗಿನ ಬೆನ್ನನ್ನು ಜೋರಾಗಿ ಒತ್ತಬೇಡಿ, ಹಳೆ ಮಾದರಿಯ ಇಂಥ ಚೂರಿಗಳಲ್ಲಿ ಹೆಚ್ಚಿನವಕ್ಕೆ ಲಾಕ್ ಇರುವುದಿಲ್ಲ, ಬರೀ ಸ್ಪ್ರಿಂಗಿನ ಬಲದಲ್ಲಿ ನಿಂತದ್ದು, ಬೆನ್ನಿನ ಮೇಲೆ ಭಾರ ಬಿದ್ರೆ ಮಡಚಿ ಕೈಗೆ ಬೀಳ್ತದೆ. ಒರಟು ಬದಿಯಲ್ಲಿ, ಕಲ್ಲಿನ ಮೇಲಿನ ಒಂದು ತೆಳು ಪದರವನ್ನು ಸೀಳಿ ತೆಗೆಯುವ ಹಾಗೆ ಬಾಯಿ ಮುಂದೆ ಮಾಡಿ ಬುಡದಿಂದ ತುದಿಯವರೆಗೆ ಎಳೀರಿ, ತುದಿ ಬಾಗುವಲ್ಲಿ ಹಿಡಿಯನ್ನು ಸ್ವಲ್ಪ ಮೇಲೆತ್ತಿ, ಮೊನೆ ಕಲ್ಲಿಂದ ಜಾರಿ ಕೆಳಗೆ ಬೀಳುವ ಮೊದಲೇ ನಿಲ್ಲಿಸಿ. ಬುಡದ ಆ ಮೊಂಡು ಅರ್ಧ ಸೆಂಟಿಮೀಟರಿಗೆ ಕಲ್ಲಿನ ಅಂಚನ್ನು ಉಪಯೋಗಿಸಿ. ಒಂದೇ ಬದಿಯನ್ನು ಮಸೀತಾ ಇರಿ, ಬದಿ ಬದಲಿಸಬೇಡಿ, ಎಷ್ಟು ಸಲ ಅಂತ ಎಣಿಸುವುದೂ ಬೇಡ. ಹತ್ತು ಸಲ ಆಚೆ ಹತ್ತು ಸಲ ಈಚೆ ಅಂತ ಹೇಳಿಕೊಡುವವರಿಂದಲೇ ಅರ್ಧ ಜನರ ಚೂರಿಗೆ ಬಾಯಿ ಬರುವುದಿಲ್ಲ, ಯಾಕಂದ್ರೆ ಕೆಲಸ ಮುಗೀತಾ ಇಲ್ವಾ ಅಂತ ಹೇಳುವುದು ಎಣಿಕೆ ಅಲ್ಲ, ಬರ್.

ಬರ್ ಬಂತಾ ಅಂತ ನೋಡುವುದು ಹೀಗೆ. ಈಗ ಮಸೆದ ಬದಿಯ ವಿರುದ್ಧ ಬದಿಗೆ ಹೆಬ್ಬೆರಳು ಇಡಿ, ಬೆನ್ನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿ ಅಂಚಿನಾಚೆ ಜಾರಿಸಿ, ಬಾಯಿಯ ಉದ್ದಕ್ಕೆ ಮಾತ್ರ ಯಾವತ್ತೂ ಸವರಬೇಡಿ. ಅಂಚಲ್ಲಿ ಬೆರಳಿಗೆ ಸಣ್ಣದಾಗಿ ತಡೆದ ಹಾಗೆ ಆಗ್ತದೆ, ಹೊಸ ಸ್ಟೀಲ್ ಲೋಟದ ಬಾಯಂಚಲ್ಲಿ ಕೆಲವೊಮ್ಮೆ ಗೀಚಿದ ಹಾಗೆ ಆಗ್ತದಲ್ಲ, ಹಾಗೆ. ಆ ತಡೆ ಬುಡದಿಂದ ಮೊನೆಯವರೆಗೆ ಎಲ್ಲಾ ಕಡೆ ಸಿಗ್ಬೇಕು. ಎಲ್ಲಿ ಸಿಗ್ಲಿಲ್ವೋ ಅಲ್ಲಿ ನಿಮ್ಮ ಕಲ್ಲು ಇನ್ನೂ ಅಂಚನ್ನು ಮುಟ್ಟಲಿಲ್ಲ ಅಂತ ಅರ್ಥ, ಅಲ್ಲಿಗೆ ಇನ್ನೂ ಮಸೀರಿ. ಹೊಸ ಚೂರಿಗೆ ಮೊದಲ ಸಲ ಇದಕ್ಕೆ ಇಪ್ಪತ್ತು ನಿಮಿಷವೂ ಬೇಕಾದೀತು, ತಾಳ್ಮೆ ಬಿಡಬೇಡಿ, ಭಾವ ಹತ್ತನೇ ನಿಮಿಷಕ್ಕೆ ಸಾಕು ಅಂದ್ರು, ಬೆರಳು ಇಟ್ಟು ನೋಡಿದ್ರೆ ನಡುವಲ್ಲಿ ಬಂದಿತ್ತು, ಬುಡದಲ್ಲಿ ಬರ್ಲೇ ಇಲ್ಲ. ಪೂರ್ತಿ ಬಂದ ಮೇಲೆ ಬದಿ ಬದಲಿಸಿ, ಅದೇ ರೀತಿ ಬರ್ ಈಚೆಗೆ ತನ್ನಿ. ಆಮೇಲೆ ನಯ ಬದಿಗೆ ಹೋಗಿ, ಅಲ್ಲಿಯೂ ಆಚೆ ಒಮ್ಮೆ ಈಚೆ ಒಮ್ಮೆ ಬರ್ ತಂದು, ಅಲ್ಲಿಂದ ಮುಂದೆ ಒಂದೊಂದೇ ಎಳೆತ ಬದಿ ಬದಲಿಸುತ್ತಾ, ಪ್ರತಿ ಸಲವೂ ಕೈಯ ಭಾರ ಕಮ್ಮಿ ಮಾಡುತ್ತಾ ಬನ್ನಿ, ಕೊನೆಯ ಐದಾರು ಎಳೆತಕ್ಕೆ ಚೂರಿಯ ಸ್ವಂತ ಭಾರ ಮಾತ್ರ ಕಲ್ಲಿನ ಮೇಲೆ ಇರ್ಬೇಕು.

ಬರ್ ತರುವುದು ಅರ್ಧ ಕೆಲಸ, ತೆಗೆಯುವುದು ಉಳಿದ ಅರ್ಧ. ತೀರಾ ಹಗುರ ಕೈಯಲ್ಲಿ, ಬೆನ್ನನ್ನು ಸ್ವಲ್ಪ ಹೆಚ್ಚು ಎತ್ತಿ, ಒಂದೊಂದು ಬದಿಗೆ ಎರಡು ಎಳೆತ. ಆಮೇಲೆ ಮೆತ್ತನೆ ಮರದ ತುಂಡಿನ ಅಂಚಲ್ಲಿ ಒಮ್ಮೆ ಕೊಯ್ದ ಹಾಗೆ ಎಳೆದ್ರೆ ಉಳಿದ ಎಳೆ ಅಲ್ಲಿ ಕಿತ್ತು ಹೋಗ್ತದೆ. ಕೊನೆಗೆ ಚರ್ಮ. ಹಳೆ ಬೆಲ್ಟನ್ನು ಒಂದು ಮರದ ರೀಪಿಗೆ ಅಂಟಿಸಿ, ಅದಕ್ಕೆ ಹಸಿರು ಪಾಲಿಶ್ ಬಾರ್, ಬಫಿಂಗ್‌ಗೆ ಹಾಕ್ತಾರಲ್ಲ ಅದು, ಸ್ವಲ್ಪ ಉಜ್ಜಿ. ಇಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ, ಕಲ್ಲಿನದ್ದಕ್ಕೆ ಪೂರ್ತಿ ಉಲ್ಟಾ, ಇಲ್ಲದಿದ್ರೆ ಚರ್ಮ ಕೊಯ್ದು ಹೋಗ್ತದೆ. ಒತ್ತಬೇಡಿ, ಒತ್ತಿದ್ರೆ ಚರ್ಮ ತಗ್ಗಿ ಬಾಯಿಯ ಅಂಚನ್ನು ಉರುಟು ಮಾಡ್ತದೆ. ಒಂದೊಂದು ಬದಿಗೆ ಹತ್ತು ಹದಿನೈದು ಸಲ.

ಇದು ಎಂತದೋ ಹೊರಗಿನವರ ವಿದ್ಯೆ ಅಂತ ಎಣಿಸಬೇಡಿ. ನಮ್ಮ ಅಜ್ಜನ ಹತ್ತಿರ ಮಸೆಯುವ ಹಲಗೆ ಒಂದಿತ್ತು, ಅದರ ಮೇಲೆ ಬೆಣಚುಕಲ್ಲಿನ ಹುಡಿ ಉದುರಿಸಿ ಕತ್ತಿಯನ್ನೂ ಪೀಶಕತ್ತಿ ಅನ್ನುವ ಸಣ್ಣ ಚೂರಿಯನ್ನೂ ಉಜ್ಜುತ್ತಿದ್ರು, ಮೂರ್ತೆ ಮಾಡುವವರ, ಅಂದ್ರೆ ಕಳ್ಳು ಇಳಿಸುವವರ, ಹತ್ತಿರವೂ ಇಂಥದ್ದೇ ಹಲಗೆ, ತಾಳೆಯ ಕೊಂಬನ್ನು ಕಾಗದದಷ್ಟು ತೆಳುವಾಗಿ ಕೆತ್ತಬೇಕಲ್ಲ, ಅದಕ್ಕೆ ಬೇಕಾದ ಬಾಯಿ ಆ ಹಲಗೆಯಲ್ಲೇ ಬರ್ತಿತ್ತು. ಬೆಣಚುಕಲ್ಲು ಸ್ಟೀಲನ್ನು ಗೀರುವಷ್ಟು ಗಟ್ಟಿ, ಮರ ಮೆತ್ತಗೆ, ಹುಡಿ ಮರಕ್ಕೆ ಕಚ್ಚಿ ಕೂತು ಬಾಯಿಯನ್ನು ನಯ ಮಾಡ್ತದೆ. ಹಸಿರು ಪಾಲಿಶ್ ಹಾಕಿದ ಬೆಲ್ಟ್ ಮಾಡುವುದೂ ಅದನ್ನೇ, ಹುಡಿ ಇನ್ನೂ ನಯ ಅಷ್ಟೇ. ಕಲ್ಲು, ಬೆಲ್ಟ್ ಎರಡೂ ಇಲ್ಲದೆ ಹಾಸ್ಟೆಲಲ್ಲಿ ಇರುವವರಿಗೆ ಪಿಂಗಾಣಿ ಕಪ್ಪಿನ ತಳ ಉಂಟು, ಅಲ್ಲಿ ಹೊಳಪು ಇಲ್ಲದ ಒಂದು ಬಳೆ ಇರ್ತದಲ್ಲ, ಅದು ಒಳ್ಳೆ ನಯ ಕಲ್ಲು, ತೀರಾ ಮೊಂಡಾಗದ ಚೂರಿಗೆ ಅಷ್ಟೇ ಸಾಕಾಗ್ತದೆ.

ಪರೀಕ್ಷೆಗೆ ಕೈಯ ರೋಮ ಬೋಳಿಸುವವರು ಇದ್ದಾರೆ, ನಾನು ಅದನ್ನು ನಂಬುವುದಿಲ್ಲ, ಬರ್ ಇದ್ದರೂ ರೋಮ ಹೋಗ್ತದೆ. ಪೇಪರಿನ ಒಂದು ಹಾಳೆ ಹಿಡಿದು ಬುಡದಿಂದ ಮೊನೆಯವರೆಗೆ ಕೊಯ್ದು ನೋಡಿ, ಎಲ್ಲಿ ಹರೀತದೋ ಅಲ್ಲಿ ಬರ್ ಉಂಟು ಅಥವಾ ಮೊಂಡು ಉಂಟು. ಅದಾದ ಮೇಲೆ ವೀಳ್ಯದೆಲೆಯ ತೊಟ್ಟು, ಮಲ್ಲಿಗೆ ಕಟ್ಟುವ ಬಾಳೆನಾರು, ಒದ್ದೆ ನಾರು ಒಂದೇ ಎಳೆತಕ್ಕೆ ತುಂಡಾಗ್ಬೇಕು. ಗುಳ್ಳದ ಸಿಪ್ಪೆಯಂತೂ ಕಟ್ಟುನಿಟ್ಟು, ಒತ್ತದೆ ಬರೀ ಎಳೆದಾಗಲೇ ಒಳಗಿಳಿದ್ರೆ ನಿಮ್ಮ ಬಾಯಿ ಸರಿ ಬಂತು. ಭಾವ ಎರಡನೇ ಸಲ ಎಳೆದಾಗ ಗುಳ್ಳ ಸದ್ದಿಲ್ಲದೆ ಬಿಚ್ಚಿಕೊಂಡಿತು.

ಮಡಚುವ ಚೂರಿಗೆ ಮಾತ್ರ ಇರುವ ಒಂದು ತೊಂದರೆ ಹೇಳ್ಬೇಕು. ಎಷ್ಟು ಚೆನ್ನಾಗಿ ಮಸೆದರೂ ಮರುದಿನ ಬಾಯಿಯ ಒಂದೇ ಜಾಗದಲ್ಲಿ ಬಿಳಿ ಚುಕ್ಕೆ ಬರ್ತಾ ಉಂಟು ಅಂತಾದ್ರೆ, ಮಡಚುವಾಗ ಬಾಯಿ ಒಳಗಿನ ಸ್ಪ್ರಿಂಗಿಗೆ ಹೊಡೀತಾ ಉಂಟು. ಕಾಗದದ ಸಪೂರ ಪಟ್ಟಿ ಒಳಗಿಟ್ಟು ಮಡಚಿ ಎಳೆದು ನೋಡಿ, ಸಿಕ್ಕಿಬಿದ್ರೆ ಅಥವಾ ಕೊಯ್ದು ಬಂದ್ರೆ ಅದೇ. ಅಲಗಿನ ಬುಡದಲ್ಲಿ ಬಾಯಿ ಇಲ್ಲದ ಒಂದು ಸಣ್ಣ ಉಬ್ಬು ಇರ್ತದೆ, ಮಡಚಿದಾಗ ಅದೇ ಸ್ಪ್ರಿಂಗಿನ ಮೇಲೆ ಕೂತು ಬಾಯಿಯನ್ನು ಎತ್ತಿ ಹಿಡಿಯುವುದು, ಅದನ್ನು ಕಲ್ಲಿಗೆ ಯಾವತ್ತೂ ತಾಗಿಸಬೇಡಿ. ಮಡಚುವಾಗಲೂ ಟಪ್ ಅಂತ ಬಿಡದೆ ಕೈಯಲ್ಲಿ ಹಿಡಿದು ಇಳಿಸಿ.

ಗ್ರೈಂಡರಿಗೆ ಕೊಡಬೇಡಿ ಅಂತ ಕೈಮುಗಿದು ಹೇಳ್ತೇನೆ. ಕತ್ತಿಗೆ, ಮೆಟ್ಟುಕತ್ತಿಗೆ ಸಾಣೆ ಚಕ್ರ ಆಗ್ತದೆ, ದಪ್ಪ ಕಬ್ಬಿಣ, ತಡೀತದೆ. ನನ್ನ ಮೊದಲ ಕಾರ್ಬನ್ ಚೂರಿಯನ್ನು ಒಂದು ವರ್ಕ್‌ಶಾಪಲ್ಲಿ ಕೊಟ್ಟು ತಂದೆ, ಮೊನೆಯ ಹತ್ತಿರ ಒಂದು ಇಂಚು ನೀಲಿ ಬಣ್ಣ. ಸ್ಟೀಲ್ ನೀಲಿ ಆಗ್ಬೇಕಾದ್ರೆ 300 ಡಿಗ್ರಿಯ ಹತ್ತಿರ ಬಿಸಿ ಆಗಿರ್ಬೇಕು, ಆ ಬಿಸಿಗೆ ಹದ ಹೋಯ್ತು, ಆ ಒಂದು ಇಂಚು ಇವತ್ತಿಗೂ ಬಾಯಿ ಹಿಡಿದು ನಿಲ್ಲುವುದಿಲ್ಲ. ನಡುವೆ ಎಳೆಯುವ ವಿ ಆಕಾರದ ಸಣ್ಣ ಶಾರ್ಪನರೂ ಬೇಡ, ಅದು ಮಸೆಯುವುದಲ್ಲ, ಕೆರೆದು ಕೀಳುವುದು.

ಕೊನೆಗೆ ನಮ್ಮ ಕರಾವಳಿಯ ಗಾಳಿ. ಕಷ್ಟಪಟ್ಟು ತೆಗೆದ ಬಾಯಿಯನ್ನು ಬಳಸದೆಯೇ ಮೊಂಡು ಮಾಡುವುದು ಇದು, ಕಾರ್ಬನ್ ಸ್ಟೀಲಿನ ಅಂಚು ಕೂದಲಿಗಿಂತ ಎಷ್ಟೋ ಸಪೂರ, ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆ ಇಟ್ರೆ ತುಕ್ಕು ಮೊದಲು ತಿನ್ನುವುದು ಅದನ್ನೇ. ಮಸೆದಾದ ಮೇಲೆ ಟೇಪ್ ಬಿಚ್ಚಿ, ಕೀಲಿಗೆ ಬಿಸಿನೀರು ಬಿಟ್ಟು ಕೆಸರು ತೊಳೆದು, ಚೆನ್ನಾಗಿ ಒಣಗಿಸಿ, ಕೀಲಿಗೆ ಒಂದು ಹನಿ ಹೊಲಿಗೆ ಮೆಷಿನಿನ ಎಣ್ಣೆ. ಅಲಗಿಗೆ ಮೆಡಿಕಲಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಳ್ಳೇದು, ಹಣ್ಣು ಕೊಯ್ದರೂ ತೊಂದರೆ ಇಲ್ಲ. ತೆಂಗಿನೆಣ್ಣೆ ಅಲಗಿಗೆ ಸವರಬಹುದು, ಕೀಲಿಗೆ ಬೇಡ, ಕಾಲಕ್ರಮೇಣ ಅಂಟಾಗ್ತದೆ. ಮಾವಿನಕಾಯಿ, ಬಾಳೆಕಾಯಿ, ಹಸಿ ಅಡಿಕೆ ಕೊಯ್ದಾಗ ಕಾರ್ಬನ್ ಅಲಗು ಬೂದಿ ನೀಲಿ, ಕಪ್ಪು ಆಗ್ತದೆ, ಅದು ಹುಳಿಯ ಮತ್ತು ಚೊಗರಿನ ಬಣ್ಣ, ತುಕ್ಕಲ್ಲ, ಉಜ್ಜಿ ತೆಗೆಯಬೇಡಿ, ಕೆಂಪು ತುಕ್ಕನ್ನು ಅದೇ ಸ್ವಲ್ಪ ತಡೀತದೆ. ಒಣ ಅಡಿಕೆಗೆ ಅಡಕತ್ತರಿಯೇ ಬೇಕು, ಕಿಸೆ ಚೂರಿಯ ಬಾಯಿ ಹಲ್ಲು ಬಿಡ್ತದೆ. ಬಂಗುಡೆ ಶುಚಿ ಮಾಡ್ಲಿಕ್ಕೂ ಮಡಚುವ ಚೂರಿ ಬೇಡ, ಉಪ್ಪೂ ಲೋಳೆಯೂ ಕೀಲಿಗೆ ಹೋದ್ರೆ ತೆಗೀಲಿಕ್ಕೆ ಸಾಕೋ ಸಾಕು. ಒಪಿನೆಲ್ ಇಟ್ಕೊಂಡವರಿಗೆ ಜೂನ್ ತಿಂಗಳಲ್ಲಿ ಮರ ಉಬ್ಬಿ ಅಲಗು ಹೊರಗೇ ಬರುವುದಿಲ್ಲ, ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಎರಡು ಸಲ ಕುಟ್ಟಿದ್ರೆ ಅಲಗಿನ ತುದಿ ಮೇಲೇಳ್ತದೆ, ಬೇಸಗೆಯಲ್ಲೇ ಹಿಡಿಗೆ ಮೇಣ ಹಚ್ಚಿಟ್ರೆ ಅಷ್ಟು ಉಬ್ಬುವುದಿಲ್ಲ.

ದಿನಾ ಬಳಸುವ ಚೂರಿಗೆ ವಾರಕ್ಕೊಮ್ಮೆ ಬೆಲ್ಟಿನ ಮೇಲೆ ಹತ್ತು ಸಲ ಎಳೆದ್ರೆ ಕಲ್ಲು ತೆಗೆಯುವುದು ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು, ಆಗಲೂ ನಯ ಬದಿ ಮಾತ್ರ. ಭಾವನ ಚೂರಿಯ ದೊಡ್ಡ ಅಲಗು ಆಗಿದೆ, ಸಣ್ಣದ್ದು ಬಾಕಿ ಉಂಟು, ಬರುವ ಆದಿತ್ಯವಾರ ಅದನ್ನು ಅವರೇ ಮಸೀತಾರಂತೆ, ನಾನು ಪಕ್ಕದಲ್ಲಿ ಕೂತ್ರೆ ಸಾಕಂತೆ.